ಇಂಗ್ಲಿಷಿನಲ್ಲಿ ‘ಅವನಷ್ಟೇ ಎತ್ತರ’ ಎನ್ನುವುದು ಹೇಗೆ? ‘ಆ್ಯಸ್... ಆ್ಯಸ್’ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಸಂಜೆ ಹೊತ್ತು ನಾನು ನಡೆಸುವ ಇಂಗ್ಲಿಷ್ ತರಗತಿಗೆ ಬರುವವರಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರೇ ಹೆಚ್ಚು. ಎಸ್ಸೆಸ್ಸೆಲ್ಸಿ ಮಕ್ಕಳು, ಕೆಲಸ ಹುಡುಕುತ್ತಿರುವ ಪದವೀಧರರು, ಮಕ್ಕಳಿಗೆ ಹೋಂವರ್ಕ್ ಮಾಡಿಸಬೇಕೆಂದೇ ಕಲಿಯಲು ಬಂದ ತಾಯಂದಿರು. ‘ಅವನಿಗಿಂತ ಎತ್ತರ’ ಎನ್ನುವುದನ್ನು ಇವರೆಲ್ಲ ಒಂದೇ ದಿನದಲ್ಲಿ ಹಿಡಿದುಬಿಡುತ್ತಾರೆ. ‘ಅವನಷ್ಟೇ ಎತ್ತರ’ ಎಂದ ಕೂಡಲೇ ತಡವರಿಸುತ್ತಾರೆ. ನಮ್ಮದೇ ‘ಅಷ್ಟು’ ಎಂಬ ಮಾತನ್ನು ಕೈಲಿ ಹಿಡಿದು ಹೊರಟರೆ ಈ ದಾರಿ ಸಲೀಸು ಎಂಬುದು ನನ್ನ ಅನುಭವ. ತರಗತಿಯಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು, ಅವು ಬಂದ ಮಾತಿನಲ್ಲೇ, ಇಲ್ಲಿ ಇಟ್ಟಿದ್ದೇನೆ.

ಸಮಾನತೆಯ ಹೋಲಿಕೆ ಅಂದರೆ ಏನು? ಇದರಲ್ಲಿ ‘ಅಡ್ಜೆಕ್ಟಿವ್ ಫ್ರೇಸ್’ ಎಲ್ಲಿದೆ?

ಎರಡು ವಸ್ತುಗಳಲ್ಲಿ ಒಂದು ಗುಣ ಒಂದೇ ಮಟ್ಟದಲ್ಲಿದೆ ಎಂದು ಹೇಳುವುದೇ ಸಮಾನತೆಯ ಹೋಲಿಕೆ. ‘ರವಿ ಅಪ್ಪನಷ್ಟೇ ಎತ್ತರ’ ಎಂಬುದನ್ನು ಇಂಗ್ಲಿಷಿನಲ್ಲಿ ‘ರವಿ ಈಸ್ ಆ್ಯಸ್ ಟಾಲ್ ಆ್ಯಸ್ ಹಿಸ್ ಫಾದರ್’ ಎನ್ನುತ್ತಾರೆ. ಇದರಲ್ಲಿ ‘ಟಾಲ್’ ಗುಣವಾಚಕ. ಅದರ ಹಿಂದೆ ಒಂದು, ಮುಂದೆ ಒಂದು ‘ಆ್ಯಸ್’ ನಿಂತು, ‘ಆ್ಯಸ್ ಟಾಲ್ ಆ್ಯಸ್ ಹಿಸ್ ಫಾದರ್’ ಎಂಬ ಇಡೀ ತುಂಡು ಒಂದೇ ಗುಣವಾಚಕದ ಕೆಲಸ ಮಾಡುತ್ತದೆ. ಈ ತುಂಡನ್ನೇ ವ್ಯಾಕರಣದವರು ಅಡ್ಜೆಕ್ಟಿವ್ ಫ್ರೇಸ್, ಅಂದರೆ ಗುಣವಾಚಕ ಪದಗುಚ್ಛ ಎನ್ನುವುದು. ಅದನ್ನು ಒಂದೇ ಗಂಟಾಗಿ ನೋಡಲು ಕಲಿಯಿರಿ. ಎಲ್ಲಿಗೆ ಸಾಗಿಸಿದರೂ ಇಡೀ ಗಂಟನ್ನೇ ಸಾಗಿಸಬೇಕು.

ಎರಡೆರಡು ಸಲ ‘ಆ್ಯಸ್’ ಯಾಕೆ? ಒಂದು ಸಾಲದೇ?

ಎಲ್ಲರೂ ಕೇಳುವ ಪ್ರಶ್ನೆ ಇದು. ಕನ್ನಡದಲ್ಲಿ ಒಂದೇ ‘ಅಷ್ಟು’ ಸಾಕು. ‘ಅಪ್ಪ’ನಿಗೆ ಅದನ್ನು ಅಂಟಿಸಿ ‘ಅಪ್ಪನಷ್ಟು’ ಎಂದರೆ ಮುಗಿಯಿತು. ಹಾಗಾಗಿ ಇಂಗ್ಲಿಷಿನ ಎರಡನೆಯ ‘ಆ್ಯಸ್’ ನಮಗೆ ಸುಮ್ಮನೆ ಬಂದು ಕೂತಂತೆ ಕಾಣುತ್ತದೆ.

ಆದರೆ ಇದೇ ಮಾತನ್ನು ಕನ್ನಡದಲ್ಲಿ ಬಿಡಿಸಿಯೂ ಹೇಳುತ್ತೇವೆ. ‘ಅಪ್ಪ ಎಷ್ಟು ಎತ್ತರವೋ ರವಿ ಅಷ್ಟೇ ಎತ್ತರ.’ ಇಲ್ಲಿ ‘ಎಷ್ಟೋ’, ‘ಅಷ್ಟು’ ಎಂಬ ಎರಡು ಮಾತು ಒಂದಕ್ಕೊಂದು ಕೈಹಿಡಿದು ನಿಂತಿವೆ. ಇಂಗ್ಲಿಷ್ ಯಾವಾಗಲೂ ಹೀಗೆ ಬಿಡಿಸಿಯೇ ಹೇಳುತ್ತದೆ. ಸಾಲಿನ ಕ್ರಮವನ್ನು ಮಾತ್ರ ತಿರುಗಿಸಿಕೊಳ್ಳುತ್ತದೆ. ಮೊದಲ ‘ಆ್ಯಸ್’ ನಮ್ಮ ‘ಅಷ್ಟು’. ಎರಡನೆಯ ‘ಆ್ಯಸ್’ ನಮ್ಮ ‘ಎಷ್ಟೋ’. ‘ರವಿ ಅಷ್ಟು ಎತ್ತರ, ಎಷ್ಟು ಅಂದರೆ ಅಪ್ಪ ಎಷ್ಟಿದ್ದಾರೋ ಅಷ್ಟು’ ಎಂಬ ಲೆಕ್ಕ. ‘ಅಷ್ಟು’ ಎಂದವರು ‘ಎಷ್ಟು?’ ಎಂಬುದನ್ನು ತುಂಬಿಕೊಡಬೇಕಲ್ಲ. ಮೊದಲ ‘ಆ್ಯಸ್’ ಒಂದು ಖಾಲಿ ಜಾಗ ಬಿಟ್ಟು ಹೋಗುತ್ತದೆ, ಎರಡನೆಯದು ಬಂದು ಅದನ್ನು ತುಂಬುತ್ತದೆ.

ಈ ಮಾತು ಒಮ್ಮೆ ಮನಸ್ಸಿಗೆ ಇಳಿದರೆ ಮುಂದೆ ಬರುವ ಅರ್ಧ ಪ್ರಶ್ನೆಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಒಂದು ‘ಆ್ಯಸ್’ ಬಿಟ್ಟು ಹೇಳುವುದನ್ನೂ ಕೇಳಿದ್ದೇನಲ್ಲ?

ಕೇಳಿರುತ್ತೀರಿ. ‘ಬಿಜ಼ಿ ಆ್ಯಸ್ ಎ ಬೀ’ ಎಂದು ರೂಢಿಯ ಉಪಮೆಗಳಲ್ಲಿ ಮೊದಲ ‘ಆ್ಯಸ್’ ಉದುರುವುದುಂಟು. ಬಿಡುವುದಾದರೆ ಮೊದಲನೆಯದನ್ನು ಮಾತ್ರ. ಪರೀಕ್ಷೆ, ಅರ್ಜಿ, ಕಚೇರಿಯ ಪತ್ರ ಎಲ್ಲಿಯೂ ಬಿಡಬೇಡಿ.

‘ಆ್ಯಸ್ ಟಾಲರ್ ಆ್ಯಸ್’ ಯಾಕೆ ತಪ್ಪು? ಹೋಲಿಕೆ ಅಂದಮೇಲೆ ‘-ಅರ್’ ಬರಬೇಡವೇ?

‘-ಅರ್’ ಎಂದರೆ ‘ಹೆಚ್ಚು’. ‘ಆ್ಯಸ್’ ಎಂದರೆ ‘ಅಷ್ಟೇ’. ಹೆಚ್ಚೂ ಅಷ್ಟೇ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಲಾಗದು. ಎರಡು ‘ಆ್ಯಸ್’ಗಳ ನಡುವೆ ಗುಣವಾಚಕ ತನ್ನ ಬರಿಯ ರೂಪದಲ್ಲಿ ಇರಬೇಕು: ಟಾಲ್, ಗುಡ್, ಬ್ಯೂಟಿಫುಲ್. ‘ಮೋರ್ ಬ್ಯೂಟಿಫುಲ್’ ಕೂಡ ಅಲ್ಲಿ ಬರುವಂತಿಲ್ಲ. ‘ಆ್ಯಸ್ ಗುಡ್ ಆರ್ ಬೆಟರ್ ದ್ಯಾನ್’ ಎಂದು ಬರೆಯುವವರಿದ್ದಾರೆ. ಅದರಲ್ಲಿ ಎರಡನೆಯ ‘ಆ್ಯಸ್’ ನುಂಗಿಹೋಗಿದೆ. ‘ಆ್ಯಸ್ ಗುಡ್ ಆ್ಯಸ್, ಆರ್ ಬೆಟರ್ ದ್ಯಾನ್’ ಎಂದು ಬರೆಯಿರಿ.

‘ಲೈಕ್’ ಎಲ್ಲಿ, ‘ಆ್ಯಸ್... ಆ್ಯಸ್’ ಎಲ್ಲಿ? ‘ಹಿ ಈಸ್ ಟಾಲ್ ಲೈಕ್ ಹಿಸ್ ಫಾದರ್’ ಸರಿಯೇ?

ಇದಕ್ಕೆ ನಾನು ಕೊಡುವ ಪರೀಕ್ಷೆ ಪೂರ್ತಿ ಕನ್ನಡದ್ದು. ನೀವು ಹೇಳಬೇಕೆಂದಿರುವುದನ್ನು ಕನ್ನಡದಲ್ಲಿ ಹೇಳಿಕೊಳ್ಳಿ. ನಿಮ್ಮ ಬಾಯಲ್ಲಿ ‘ಥರ’, ‘ಹಾಗೆ’ ಬಂದರೆ ‘ಲೈಕ್’. ‘ಅಷ್ಟು’ ಬಂದರೆ ‘ಆ್ಯಸ್... ಆ್ಯಸ್’.

‘ಅವಳು ಅಮ್ಮನ ಥರ ಹಾಡ್ತಾಳೆ’ ಎಂದಾಗ ದನಿ, ಶೈಲಿ, ಕೈ ಆಡಿಸುವ ರೀತಿ ಅಮ್ಮನನ್ನು ಹೋಲುತ್ತದೆ ಎಂದರ್ಥ. ‘ಶಿ ಸಿಂಗ್ಸ್ ಲೈಕ್ ಹರ್ ಮದರ್.’ ‘ಅಮ್ಮನಷ್ಟೇ ಚೆನ್ನಾಗಿ ಹಾಡ್ತಾಳೆ’ ಎಂದರೆ ಅದು ಅಳತೆಯ ಮಾತು. ‘ಶಿ ಸಿಂಗ್ಸ್ ಆ್ಯಸ್ ವೆಲ್ ಆ್ಯಸ್ ಹರ್ ಮದರ್.’ ಅಮ್ಮನ ಥರ ಹಾಡಿಯೂ ಅಮ್ಮನಷ್ಟು ಚೆನ್ನಾಗಿ ಹಾಡದಿರಬಹುದು. ಬೇರೆಯೇ ಥರ ಹಾಡಿಯೂ ಅಷ್ಟೇ ಚೆನ್ನಾಗಿ ಹಾಡಬಹುದು.

‘ಟಾಲ್ ಲೈಕ್ ಹಿಸ್ ಫಾದರ್’ ಎಂದರೆ ‘ಅಪ್ಪನ ಹಾಗೆ ಇವನೂ ಎತ್ತರದ ಆಳು’ ಎಂದಾಗುತ್ತದೆ. ತಪ್ಪಲ್ಲ, ಆದರೆ ‘ಅಪ್ಪನಷ್ಟೇ’ ಎಂಬ ಅಳತೆ ಅದರಲ್ಲಿ ಇಲ್ಲ. ಹಾಗೆಯೇ ‘ಸೇಮ್ ಲೈಕ್’ ಎಂಬುದನ್ನು ದಯವಿಟ್ಟು ಬಿಡಿ. ‘ದ ಸೇಮ್’ ಬಂದಲ್ಲಿ ಜೊತೆಗೆ ಬರುವುದು ‘ಆ್ಯಸ್’: ‘ದ ಸೇಮ್ ಹೈಟ್ ಆ್ಯಸ್ ಹಿಸ್ ಫಾದರ್.’ ಇಲ್ಲಿ ‘ಹೈಟ್’ ನಾಮಪದ ಎಂಬುದನ್ನೂ ಗಮನಿಸಿ. ‘ಸೇಮ್ ಟಾಲ್’ ಎನ್ನುವಂತಿಲ್ಲ.

ಗುಂಪಿನಲ್ಲಿ ಒಬ್ಬರು ‘ಆ್ಯಸ್ ಮಚ್ ಟಾಲ್ ಆ್ಯಸ್’ ಎಂದರು. ಸರಿ ಅನ್ನಿಸಿತು. ತಪ್ಪೇ?

ತಪ್ಪು. ಅದು ಎಲ್ಲಿಂದ ಹುಟ್ಟುತ್ತದೆ ಎಂದು ನೋಡೋಣ. ಕನ್ನಡದ ‘ಅಷ್ಟು’ ಬಹಳ ಉದಾರಿ. ಅಷ್ಟು ಅಕ್ಕಿ, ಅಷ್ಟು ಜನ, ಅಷ್ಟು ಎತ್ತರ, ಅಷ್ಟು ಬೇಗ, ಎಲ್ಲಕ್ಕೂ ಒಂದೇ. ಇಂಗ್ಲಿಷ್ ಇದನ್ನು ಹಂಚಿಬಿಟ್ಟಿದೆ. ಅಳೆಯುವ ವಸ್ತುವಾದರೆ ‘ಆ್ಯಸ್ ಮಚ್ ರೈಸ್ ಆ್ಯಸ್’. ಎಣಿಸುವುದಾದರೆ ‘ಆ್ಯಸ್ ಮೆನಿ ಪೀಪಲ್ ಆ್ಯಸ್’. ಗುಣವಾಚಕ ಅಥವಾ ಕ್ರಿಯಾವಿಶೇಷಣವಾದರೆ ಬರಿಯ ‘ಆ್ಯಸ್’: ‘ಆ್ಯಸ್ ಟಾಲ್ ಆ್ಯಸ್’, ‘ಆ್ಯಸ್ ಫಾಸ್ಟ್ ಆ್ಯಸ್’. ‘ಅಷ್ಟು’ ಎಂದ ಕೂಡಲೇ ‘ಮಚ್’ ನೆನಪಾಗುವುದು ಸಹಜ. ನಾಮಪದ ಇದ್ದರೆ ಮಾತ್ರ ‘ಮಚ್’, ‘ಮೆನಿ’ ಎಂದು ತಡೆದುಕೊಳ್ಳಿ. ಕ್ರಿಯಾಪದದ ಜೊತೆ ‘ಆ್ಯಸ್ ಮಚ್ ಆ್ಯಸ್’ ಒಂದೇ ನಿಲ್ಲಬಲ್ಲದು: ‘ಐ ರೀಡ್ ಆ್ಯಸ್ ಮಚ್ ಆ್ಯಸ್ ಶಿ ಡಸ್’, ಅವಳು ಓದುವಷ್ಟೇ ನಾನೂ ಓದುತ್ತೇನೆ.

‘ತೆಂಗಿನ ಮರದಷ್ಟು ಎತ್ತರದ ಗೋಡೆ’ ಎನ್ನುವುದು ಹೇಗೆ?

ತರಗತಿಯಲ್ಲಿ ನನಗೆ ಅತ್ಯಂತ ಇಷ್ಟವಾದ ಪ್ರಶ್ನೆ ಇದು. ಕನ್ನಡ ಮತ್ತು ಇಂಗ್ಲಿಷ್ ಇಲ್ಲಿ ಬೆನ್ನಿಗೆ ಬೆನ್ನು ಹಾಕಿ ನಿಲ್ಲುತ್ತವೆ.

ಕನ್ನಡದಲ್ಲಿ ವಿಶೇಷಣ ಎಷ್ಟೇ ಉದ್ದವಿರಲಿ, ನಾಮಪದದ ಹಿಂದೆಯೇ ಸಾಲಾಗಿ ಬರುತ್ತದೆ: ‘ತೆಂಗಿನ ಮರದಷ್ಟು ಎತ್ತರದ ಗೋಡೆ’. ಇಂಗ್ಲಿಷಿನಲ್ಲಿ ಒಂಟಿ ಗುಣವಾಚಕ ಹಿಂದೆ ಬರುತ್ತದೆ: ‘ಎ ಹೈ ವಾಲ್’. ಅದೇ ಗುಣವಾಚಕ ‘ಆ್ಯಸ್’ಗಳನ್ನು ಕಟ್ಟಿಕೊಂಡು ಗಂಟಾದ ಮೇಲೆ ಹಿಂದೆ ನಿಲ್ಲಲಾರದು, ನಾಮಪದದ ಮುಂದಕ್ಕೆ ಹೋಗುತ್ತದೆ: ‘ಎ ವಾಲ್ ಆ್ಯಸ್ ಹೈ ಆ್ಯಸ್ ಎ ಕೋಕನಟ್ ಟ್ರೀ’. ‘ಎನ್ ಆ್ಯಸ್ ಹೈ ಆ್ಯಸ್ ಎ ಕೋಕನಟ್ ಟ್ರೀ ವಾಲ್’ ಎಂದರೆ ಕೇಳುವವರಿಗೆ ತಲೆಬುಡ ತಿಳಿಯುವುದಿಲ್ಲ.

ಒಬ್ಬ ಹುಡುಗಿ ನೋಟ್‌ಬುಕ್ಕಿನಲ್ಲಿ ಇದನ್ನು ಬಾಣ ಹಾಕಿ ಬರೆದುಕೊಂಡಿದ್ದಳು. ಮೇಲೆ ಕನ್ನಡದ ಸಾಲು, ಕೆಳಗೆ ಇಂಗ್ಲಿಷಿನ ಸಾಲು. ‘ಗೋಡೆ’ಯಿಂದ ಹೊರಟ ಬಾಣ ಬಲದ ತುದಿಯಿಂದ ಎಡದ ತುದಿಗೆ, ‘ತೆಂಗಿನ ಮರ’ದಿಂದ ಹೊರಟದ್ದು ಎಡದಿಂದ ಬಲಕ್ಕೆ. ‘ಎತ್ತರ’ದ ಬಾಣ ಮಾತ್ರ ನಡುವೆ ನೆಟ್ಟಗೆ ಇಳಿದಿತ್ತು. ‘ಮಿಸ್, ಇದು ಕನ್ನಡೀಲಿ ನೋಡಿದ ಹಾಗೇ ಇದೆ’ ಎಂದಳು. ಎರಡೂ ಭಾಷೆಯ ರಚನೆಯನ್ನು ಇದಕ್ಕಿಂತ ಚೆನ್ನಾಗಿ ನಾನು ಯಾವ ಪುಸ್ತಕದಲ್ಲೂ ನೋಡಿಲ್ಲ. ಅಂದಿನಿಂದ ಬೋರ್ಡಿನ ಮೇಲೆ ನಾನೂ ಹಾಗೆಯೇ ಬಾಣ ಹಾಕುತ್ತೇನೆ.

‘ಆ್ಯಸ್ ಎ ಗುಡ್ ಟೀಚರ್ ಆ್ಯಸ್’ ಅಂದರೆ ಏನು ತಪ್ಪು?

ಇಂಗ್ಲಿಷಿನಲ್ಲಿ ಗುಣವಾಚಕವನ್ನು ನಾಮಪದದ ಹಿಂದೆಯೇ ಇಟ್ಟು ಹೋಲಿಸಲು ಒಂದು ದಾರಿಯಿದೆ, ಆದರೆ ‘ಎ’ ತನ್ನ ಜಾಗ ಬದಲಿಸಬೇಕು: ‘ಶಿ ಈಸ್ ಆ್ಯಸ್ ಗುಡ್ ಎ ಟೀಚರ್ ಆ್ಯಸ್ ಹರ್ ಮದರ್’, ಅಂದರೆ ‘ಅವಳು ತಾಯಿಯಷ್ಟೇ ಒಳ್ಳೆಯ ಶಿಕ್ಷಕಿ’. ಮೊದಲ ‘ಆ್ಯಸ್’ ಗುಣವಾಚಕವನ್ನು ತನ್ನ ಪಕ್ಕಕ್ಕೆ ಎಳೆದುಕೊಳ್ಳುತ್ತದೆ, ‘ಎ’ ಗುಣವಾಚಕ ಆದಮೇಲೆ ಬರುತ್ತದೆ. ‘ಸೋ’, ‘ಟೂ’, ‘ಹೌ’ಗಳೂ ಹೀಗೇ ಮಾಡುತ್ತವೆ: ‘ಟೂ ಬಿಗ್ ಎ ಪ್ರಾಬ್ಲಂ’. ಬಹುವಚನದಲ್ಲಿ ಈ ರಚನೆ ನಡೆಯುವುದಿಲ್ಲ. ‘ಆ್ಯಸ್ ಗುಡ್ ಟೀಚರ್ಸ್ ಆ್ಯಸ್’ ಎನ್ನುವ ಬದಲು ‘ದೆ ಟೀಚ್ ಆ್ಯಸ್ ವೆಲ್ ಆ್ಯಸ್...’ ಎಂದು ವಾಕ್ಯವನ್ನೇ ಬದಲಿಸಿಕೊಳ್ಳಿ.

ಮಾತಿನಲ್ಲಿ ಈ ರಚನೆ ಅಪರೂಪ. ಓದುವಾಗ ಸಿಕ್ಕರೆ ಗುರುತು ಹಿಡಿದರೆ ಸಾಕು.

‘ಅಂದುಕೊಂಡಷ್ಟು ಕಷ್ಟ ಇಲ್ಲ’, ‘ಮೊದಲಿನಷ್ಟು ಇಲ್ಲ’ ಎನ್ನುವುದನ್ನೆಲ್ಲ ಹೇಗೆ ಹೇಳುವುದು?

ನಾವು ದಿನವಿಡೀ ಆಡುವ ಮಾತುಗಳಿವು. ಪಠ್ಯಪುಸ್ತಕಗಳು ರಾಮ ಸೋಮರ ಎತ್ತರ ಅಳೆಯುವುದರಲ್ಲೇ ಮುಗಿದುಹೋಗುತ್ತವೆ, ನಿಜವಾಗಿ ಬೇಕಾದದ್ದು ಇದು.

ಕನ್ನಡದಲ್ಲಿ ‘ಅಷ್ಟು’ ನಾಮಪದಕ್ಕೆ ಅಂಟುವಂತೆಯೇ ಕ್ರಿಯೆಗೂ ಅಂಟುತ್ತದೆ: ಹೇಳಿದಷ್ಟು, ಅಂದುಕೊಂಡಷ್ಟು, ಬೇಕಾದಷ್ಟು, ಕೈಲಾದಷ್ಟು. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆಯ ಜೀವ ಇರುವುದೇ ‘ಇದ್ದಷ್ಟು’ ಎಂಬ ಪದದಲ್ಲಿ. ಇಂಗ್ಲಿಷಿನಲ್ಲಿ ಇದಕ್ಕೆ ಸರಿಯಾಗಿ, ಎರಡನೆಯ ‘ಆ್ಯಸ್’ ಆದಮೇಲೆ ಒಂದು ಪುಟ್ಟ ವಾಕ್ಯವನ್ನೇ ಇಡಬಹುದು.

ಅಂದುಕೊಂಡಷ್ಟು ಕಷ್ಟ ಇಲ್ಲ: ‘ಇಟ್ ಈಸ್ ನಾಟ್ ಆ್ಯಸ್ ಡಿಫಿಕಲ್ಟ್ ಆ್ಯಸ್ ಐ ಥಾಟ್.’
ಕಾಣುವಷ್ಟು ಸುಲಭ ಅಲ್ಲ: ‘ಇಟ್ ಈಸ್ ನಾಟ್ ಆ್ಯಸ್ ಈಸಿ ಆ್ಯಸ್ ಇಟ್ ಲುಕ್ಸ್.’
ಊರು ಮೊದಲಿನಷ್ಟು ತಂಪಾಗಿಲ್ಲ: ‘ದ ಟೌನ್ ಈಸ್ ನಾಟ್ ಆ್ಯಸ್ ಕೂಲ್ ಆ್ಯಸ್ ಇಟ್ ಯೂಸ್ಡ್ ಟು ಬಿ.’
ಬೇಕಾದಷ್ಟು ತೆಗೆದುಕೊಳ್ಳಿ: ‘ಟೇಕ್ ಆ್ಯಸ್ ಮಚ್ ಆ್ಯಸ್ ಯೂ ವಾಂಟ್.’
ಸಾಧ್ಯವಾದಷ್ಟು ಬೇಗ: ‘ಆ್ಯಸ್ ಸೂನ್ ಆ್ಯಸ್ ಪಾಸಿಬಲ್.’

ಕೊನೆಯದು ಎಲ್ಲರಿಗೂ ಬಾಯಿಪಾಠ. ಅದು ‘ಸಾಧ್ಯವಾದಷ್ಟು’ ಎಂಬುದರ ಇಂಗ್ಲಿಷ್ ರೂಪ ಎಂದು ಗೊತ್ತಾದ ದಿನ ಉಳಿದ ನಾಲ್ಕೂ ತಾವಾಗಿಯೇ ಬಾಯಿಗೆ ಬರುತ್ತವೆ. ಕ್ರಿಯೆಗೆ ಅಂಟಿದ ‘ಅಷ್ಟು’ ಕಂಡಲ್ಲೆಲ್ಲ, ಆ ಕ್ರಿಯೆಗೆ ಒಬ್ಬ ಕರ್ತೃವನ್ನು ಕೊಟ್ಟು ಎರಡನೆಯ ‘ಆ್ಯಸ್’ನ ಮುಂದೆ ಕೂರಿಸಿ.

‘ನಾಟ್ ಆ್ಯಸ್ ಟಾಲ್ ಆ್ಯಸ್’ ಎಂದರೆ ಸಮ ಅಲ್ಲ ಎಂದೇ? ಹಾಗಿದ್ದರೆ ಇನ್ನೂ ಎತ್ತರ ಇರಬಹುದಲ್ಲ?

ಲೆಕ್ಕದ ಪ್ರಕಾರ ನೋಡಿದರೆ ಹಾಗನ್ನಿಸುತ್ತದೆ. ಮಾತಿನಲ್ಲಿ ಹಾಗಲ್ಲ. ‘ರವಿ ಈಸ್ ನಾಟ್ ಆ್ಯಸ್ ಟಾಲ್ ಆ್ಯಸ್ ಹಿಸ್ ಫಾದರ್’ ಎಂದರೆ ರವಿ ಅಪ್ಪನಿಗಿಂತ ಕುಳ್ಳ ಎಂದೇ ಅರ್ಥ. ಕನ್ನಡದಲ್ಲೂ ಅಷ್ಟೇ: ‘ಅಪ್ಪನಷ್ಟು ಎತ್ತರ ಇಲ್ಲ’ ಎಂದರೆ ಕಡಿಮೆ ಎಂದೇ ತಿಳಿಯುತ್ತೇವೆ.

ಕಾರಣ ಏನೆಂದರೆ, ‘ಆ್ಯಸ್ ಟಾಲ್ ಆ್ಯಸ್’ ಎಂಬುದಕ್ಕೆ ‘ಕಡೇ ಪಕ್ಷ ಅಷ್ಟು’ ಎಂಬ ಗುಣವಿದೆ. ‘ಅಪ್ಪನಷ್ಟು ಎತ್ತರ ಇದ್ದಾನೆ, ಇನ್ನೂ ಸ್ವಲ್ಪ ಹೆಚ್ಚೇ ಇರಬಹುದು’ ಎಂದರೆ ಎರಡು ಮಾತು ಜಗಳವಾಡುವುದಿಲ್ಲ. ‘ಕಡೇ ಪಕ್ಷ ಅಷ್ಟು’ ಕೂಡ ಇಲ್ಲ ಎಂದಮೇಲೆ ಉಳಿಯುವುದು ಕಡಿಮೆ ಒಂದೇ. ಒಂದು ಕೂದಲೂ ವ್ಯತ್ಯಾಸವಿಲ್ಲ ಎನ್ನಬೇಕಾದರೆ ‘ಎಗ್ಜ಼ಾಕ್ಟ್ಲಿ ಆ್ಯಸ್ ಟಾಲ್ ಆ್ಯಸ್’ ಎನ್ನಬೇಕು.

‘ನಾಟ್ ಸೋ ಟಾಲ್ ಆ್ಯಸ್’ ಎಂದು ನಮ್ಮ ಮೇಷ್ಟ್ರು ಕಲಿಸಿದ್ದರು. ತಪ್ಪಾ?

ತಪ್ಪಲ್ಲ. ‘ಇಲ್ಲ’ ಎನ್ನುವ ವಾಕ್ಯದಲ್ಲಿ ಮೊದಲ ‘ಆ್ಯಸ್’ ಬದಲು ‘ಸೋ’ ಬರಬಹುದು. ಹಳೆಯ ವ್ಯಾಕರಣಗಳು ‘ಸೋ’ ಬರಲೇಬೇಕು ಎನ್ನುತ್ತಿದ್ದವು. ಈಗ ಎರಡೂ ಸರಿ, ‘ನಾಟ್ ಆ್ಯಸ್’ ಹೆಚ್ಚು ಬಳಕೆಯಲ್ಲಿದೆ. ‘ಹೌದು’ ಎನ್ನುವ ವಾಕ್ಯದಲ್ಲಿ ಮಾತ್ರ ‘ಸೋ ಟಾಲ್ ಆ್ಯಸ್ ಹಿಸ್ ಫಾದರ್’ ಎನ್ನಬೇಡಿ. ಇನ್ನು ‘ಎಷ್ಟು ಎತ್ತರ ಅಂದರೆ, ಬಾಗಿಲಿಗೆ ತಲೆ ತಾಗುತ್ತೆ’ ಎಂಬುದು ಬೇರೆಯೇ ರಚನೆ. ಅದಕ್ಕೆ ‘ಸೋ ಟಾಲ್ ದಟ್’ ಬೇಕು.

‘ಆ್ಯಸ್ ಟಾಲ್ ಆ್ಯಸ್’ ಎಂದರೆ ಇಬ್ಬರೂ ಎತ್ತರದವರೇ ಆಗಿರಬೇಕೇ?

ಬೇಕಿಲ್ಲ. ಮೂರಡಿಯ ಎರಡು ಮಕ್ಕಳ ಬಗ್ಗೆಯೂ ‘ಆ್ಯಸ್ ಟಾಲ್ ಆ್ಯಸ್’ ಎನ್ನಬಹುದು, ಒಂದು ವರ್ಷದ ಎರಡು ಕೂಸುಗಳನ್ನು ‘ಆ್ಯಸ್ ಓಲ್ಡ್ ಆ್ಯಸ್’ ಎನ್ನಬಹುದು. ಇಲ್ಲಿ ‘ಟಾಲ್’, ‘ಓಲ್ಡ್’ ಬರಿಯ ಅಳತೆಗೋಲುಗಳು. ಆದರೆ ‘ಆ್ಯಸ್ ಶಾರ್ಟ್ ಆ್ಯಸ್’ ಎಂದಿರೋ, ಇಬ್ಬರೂ ಕುಳ್ಳರು ಎಂದು ಹೇಳಿದ ಹಾಗಾಯಿತು. ಕನ್ನಡದಲ್ಲಿ ‘ಎಷ್ಟು ಎತ್ತರ ಇದ್ದಾನೆ?’ ಎಂದು ಯಾರ ಬಗ್ಗೆ ಬೇಕಾದರೂ ಕೇಳುತ್ತೇವೆ, ‘ಎಷ್ಟು ಕುಳ್ಳ ಇದ್ದಾನೆ?’ ಎಂದು ಎಲ್ಲರ ಬಗ್ಗೆ ಕೇಳುವುದಿಲ್ಲವಲ್ಲ, ಅದೇ ಸೂಕ್ಷ್ಮ. ಸಂದರ್ಶನದಲ್ಲಿ ‘ಅವರಷ್ಟೇ ಕೆಲಸ ಬಲ್ಲೆ’ ಎನ್ನುವಾಗ ‘ಆ್ಯಸ್ ಗುಡ್ ಆ್ಯಸ್’ ಬಳಸಿ. ‘ಆ್ಯಸ್ ಬ್ಯಾಡ್ ಆ್ಯಸ್’ ಎಂಬುದು ಇಬ್ಬರನ್ನೂ ತಗ್ಗಿಸುತ್ತದೆ.

‘ಸುಮಾರು ಅಷ್ಟೇ’, ‘ಅದರ ಹತ್ತಿರಕ್ಕೂ ಬರಲ್ಲ’ ಎಂದು ಏರಿಳಿತ ತೋರಿಸುವುದು ಹೇಗೆ?

ನಮ್ಮ ಬಾಹುಬಲಿ ಮೂರ್ತಿಗಳನ್ನೇ ಸಾಲಾಗಿ ನಿಲ್ಲಿಸಿಕೊಳ್ಳೋಣ. ಶ್ರವಣಬೆಳಗೊಳದ್ದು ಸುಮಾರು 57 ಅಡಿ, ಕಾರ್ಕಳದ್ದು 42, ಧರ್ಮಸ್ಥಳದ್ದು 39, ವೇಣೂರಿನದ್ದು 35.

ಧರ್ಮಸ್ಥಳದ ಮೂರ್ತಿ ಕಾರ್ಕಳದ ಮೂರ್ತಿಗಿಂತ ಮೂರೇ ಅಡಿ ಕಡಿಮೆ. ಹಾಗಾಗಿ ‘ಆಲ್ಮೋಸ್ಟ್ ಆ್ಯಸ್ ಟಾಲ್ ಆ್ಯಸ್’ ಅಥವಾ ‘ನಾಟ್ ಕ್ವೈಟ್ ಆ್ಯಸ್ ಟಾಲ್ ಆ್ಯಸ್’. ಮೊದಲನೆಯದು ‘ಹೆಚ್ಚುಕಮ್ಮಿ ಅಷ್ಟೇ’, ಎರಡನೆಯದು ‘ಪೂರ್ತಿ ಅಷ್ಟಿಲ್ಲ’. ಹೇಳುವ ಸತ್ಯ ಒಂದೇ, ನೋಡುವ ಕಡೆ ಬೇರೆ. ವೇಣೂರಿನದ್ದನ್ನು ಬೆಳಗೊಳದ್ದರ ಪಕ್ಕ ಇಟ್ಟರೆ ‘ನಾಟ್ ನಿಯರ್ಲಿ ಆ್ಯಸ್ ಟಾಲ್ ಆ್ಯಸ್’, ಅಂದರೆ ‘ಅದರ ಹತ್ತಿರಕ್ಕೂ ಬರುವುದಿಲ್ಲ’. ‘ನಿಯರ್ಲಿ ಆ್ಯಸ್’ ಎಂದರೆ ಹತ್ತಿರ, ‘ನಾಟ್ ನಿಯರ್ಲಿ ಆ್ಯಸ್’ ಎಂದರೆ ಬಹಳ ದೂರ. ಈ ಜೋಡಿಯಲ್ಲಿ ಅನೇಕರು ಮೋಸಹೋಗುತ್ತಾರೆ.

ಕನ್ನಡದಲ್ಲಿ ‘ಅಷ್ಟು’ ಮತ್ತು ‘ಅಷ್ಟೇ’ಗೆ ಇರುವ ವ್ಯತ್ಯಾಸ ಇಂಗ್ಲಿಷಿನಲ್ಲಿ ‘ಆ್ಯಸ್’ ಮತ್ತು ‘ಜಸ್ಟ್ ಆ್ಯಸ್’ಗೆ ಇದೆ. ನಮ್ಮ ಒಂದು ‘ಏ’ಕಾರ ಮಾಡುವ ಕೆಲಸಕ್ಕೆ ಅವರಿಗೆ ಒಂದು ಪದ ಬೇಕು.

‘ಎರಡು ಪಟ್ಟು’, ‘ಅರ್ಧದಷ್ಟು’ ಹೇಗೆ?

ಪಟ್ಟನ್ನು ಮೊದಲ ‘ಆ್ಯಸ್’ಗಿಂತ ಹಿಂದೆ ಇಡಿ: ‘ಟ್ವೈಸ್ ಆ್ಯಸ್ ಲಾಂಗ್ ಆ್ಯಸ್’, ‘ಹಾಫ್ ಆ್ಯಸ್ ಬಿಗ್ ಆ್ಯಸ್’, ‘ತ್ರೀ ಟೈಮ್ಸ್ ಆ್ಯಸ್ ಮಚ್ ಆ್ಯಸ್’. ಜೋಗದ ಎತ್ತರ 253 ಮೀಟರ್, ದೆಹಲಿಯ ಕುತುಬ್ ಮಿನಾರ್ ಸುಮಾರು 73 ಮೀಟರ್. ‘ಜೋಗ್ ಈಸ್ ಅಬೌಟ್ ತ್ರೀ ಆ್ಯಂಡ್ ಎ ಹಾಫ್ ಟೈಮ್ಸ್ ಆ್ಯಸ್ ಹೈ ಆ್ಯಸ್ ದ ಕುತುಬ್ ಮಿನಾರ್.’

‘ತ್ರೀ ಟೈಮ್ಸ್ ಹೈಯರ್ ದ್ಯಾನ್’ ಎಂದೂ ಜನ ಹೇಳುತ್ತಾರೆ. ನಾನು ಅದನ್ನು ಕಲಿಸುವುದಿಲ್ಲ. ಅದರಲ್ಲಿ ಮೂರು ಪಟ್ಟೋ, ಮೂರು ಪಟ್ಟು ‘ಹೆಚ್ಚು’ ಸೇರಿ ಒಟ್ಟು ನಾಲ್ಕು ಪಟ್ಟೋ ಎಂಬ ಗೊಂದಲವಿದೆ. ಕನ್ನಡದ ‘ಎರಡು ಪಟ್ಟು ಹೆಚ್ಚು’ ಎಂಬುದರಲ್ಲೂ ಇದೇ ತೊಡಕು. ದುಡ್ಡಿನ ವಿಷಯ, ಔಷಧದ ಅಳತೆ ಇರುವಲ್ಲಿ ‘ಆ್ಯಸ್... ಆ್ಯಸ್’ ಬಳಸಿದರೆ ಯಾರಿಗೂ ಅನುಮಾನ ಬರುವುದಿಲ್ಲ.

‘ಆ್ಯಸ್ ಟಾಲ್ ಆ್ಯಸ್ ಐ’ ಸರಿಯೋ ‘ಆ್ಯಸ್ ಮೀ’ ಸರಿಯೋ?

ಮಾತಿನಲ್ಲಿ ‘ಮೀ’. ಬರವಣಿಗೆಯಲ್ಲಿ ‘ಆ್ಯಸ್ ಐ ಆ್ಯಮ್’ ಎಂದು ಕ್ರಿಯಾಪದ ಸೇರಿಸಿಬಿಡಿ, ಯಾರೂ ಬೆರಳು ತೋರಿಸಲಾರರು. ಕ್ರಿಯಾಪದ ಸೇರಿಸುವುದರಿಂದ ಇನ್ನೊಂದು ಲಾಭವಿದೆ. ‘ಶಿ ಲವ್ಸ್ ದ ಡಾಗ್ ಆ್ಯಸ್ ಮಚ್ ಆ್ಯಸ್ ಮೀ’ ಎಂದರೆ ಅವಳಿಗೆ ನಾಯಿಯ ಮೇಲೂ ನನ್ನ ಮೇಲೂ ಒಂದೇ ಪ್ರೀತಿಯೇ, ಅಥವಾ ನಾಯಿಯನ್ನು ನನ್ನಷ್ಟೇ ಅವಳೂ ಪ್ರೀತಿಸುತ್ತಾಳೆಯೇ? ‘ಆ್ಯಸ್ ಐ ಡು’ ಎಂದರೆ ಎರಡನೆಯದು ಖಚಿತ.

ಹಾಗೆಯೇ ಹೋಲಿಸುವ ಎರಡು ವಸ್ತು ಒಂದೇ ಜಾತಿಯವು ಆಗಿರಲಿ. ‘ಮೈಸೂರಿನ ಹವೆ ಬೆಂಗಳೂರಿನಷ್ಟೇ ಹಿತ’ ಎಂಬುದು ಕನ್ನಡದಲ್ಲಿ ನಡೆಯುತ್ತದೆ. ಇಂಗ್ಲಿಷಿನಲ್ಲಿ ಹವೆಯನ್ನು ಊರಿನ ಜೊತೆ ತೂಗಿದಂತಾಗುತ್ತದೆ. ‘ದ ಕ್ಲೈಮೇಟ್ ಆಫ್ ಮೈಸೂರು ಈಸ್ ಆ್ಯಸ್ ಪ್ಲೆಸೆಂಟ್ ಆ್ಯಸ್ ದಟ್ ಆಫ್ ಬೆಂಗಳೂರು’ ಎಂದು ‘ದಟ್ ಆಫ್’ ಸೇರಿಸಿ.

ಪರೀಕ್ಷೆಯಲ್ಲಿ ‘ಪಾಸಿಟಿವ್ ಡಿಗ್ರಿ’ಗೆ ಬದಲಿಸಿ ಎನ್ನುತ್ತಾರಲ್ಲ?

‘-ಅರ್’, ‘-ಎಸ್ಟ್’ ಸೇರದ ಗುಣವಾಚಕದ ಬರಿಯ ರೂಪವೇ ಪಾಸಿಟಿವ್ ಡಿಗ್ರಿ. ಅದರಲ್ಲಿ ಹೋಲಿಸುವುದೆಂದರೆ ಇದೇ ‘ಆ್ಯಸ್... ಆ್ಯಸ್’. ‘ಮುಳ್ಳಯ್ಯನಗಿರಿ ಈಸ್ ದ ಹೈಯೆಸ್ಟ್ ಪೀಕ್ ಇನ್ ಕರ್ನಾಟಕ’ ಎಂಬುದನ್ನು ‘ನೋ ಅದರ್ ಪೀಕ್ ಇನ್ ಕರ್ನಾಟಕ ಈಸ್ ಆ್ಯಸ್ ಹೈ ಆ್ಯಸ್ ಮುಳ್ಳಯ್ಯನಗಿರಿ’ ಎಂದು ಬದಲಿಸುತ್ತೇವೆ. ‘ಅದರ್’ ಬಿಟ್ಟರೆ ವಾಕ್ಯ ಕೆಡುತ್ತದೆ. ಮುಳ್ಳಯ್ಯನಗಿರಿಯೂ ಕರ್ನಾಟಕದ್ದೇ ಬೆಟ್ಟ. ‘ಬೇರೆ’ ಎನ್ನದೆ ಹೋದರೆ ಅದು ತನ್ನಷ್ಟು ತಾನೇ ಎತ್ತರವಿಲ್ಲ ಎಂದಂತಾಗುತ್ತದೆ. ‘ಒನ್ ಆಫ್ ದ ಹೈಯೆಸ್ಟ್’ ಇದ್ದರೆ ‘ವೆರಿ ಫ್ಯೂ... ಆರ್ ಆ್ಯಸ್ ಹೈ ಆ್ಯಸ್’ ಎಂದು ಶುರುಮಾಡಿ. ‘ಫ್ಯೂ’ ಬಹುವಚನ, ಆದ್ದರಿಂದ ‘ಪೀಕ್ಸ್’, ‘ಆರ್’. ಅಂಕ ಹೋಗುವುದು ಹೆಚ್ಚಾಗಿ ಈ ‘ಆರ್’ನಲ್ಲೇ.

‘ಆ್ಯಸ್ ಮೆನಿ ಆ್ಯಸ್ 300 ಪೀಪಲ್’ ಎಂದು ಪತ್ರಿಕೆಯಲ್ಲಿ ಬರುತ್ತದೆ. ಅಲ್ಲಿ ಏನನ್ನು ಹೋಲಿಸಿದ್ದಾರೆ?

ಏನನ್ನೂ ಇಲ್ಲ. ‘ಬರೋಬ್ಬರಿ 300 ಮಂದಿ’ ಎನ್ನುತ್ತೇವಲ್ಲ, ಆ ಅಚ್ಚರಿಯ ದನಿ ಅದು. ‘ಸುಮಾರು’ ಎಂದು ಅನುವಾದಿಸಬೇಡಿ. ಸಂಖ್ಯೆ ದೊಡ್ಡದಲ್ಲದಿದ್ದರೆ ಈ ಮಾತು ಬೇಡ. ‘ಆ್ಯಸ್ ಮೆನಿ ಆ್ಯಸ್ ತ್ರೀ’ ಎಂದು ಸುಮ್ಮನೆ ಬರೆಯುವುದು ನನಗೆ ಸರಿ ಕಾಣುವುದಿಲ್ಲ.

ಹೋಲಿಕೆ ಕಳೆದುಕೊಂಡ ಇಂಥ ಗಂಟುಗಳು ಇನ್ನೂ ಕೆಲವಿವೆ. ‘ಆ್ಯಸ್ ಗುಡ್ ಆ್ಯಸ್ ಡನ್’ ಎಂದರೆ ‘ಮುಗಿದ ಹಾಗೆಯೇ’, ಒಳ್ಳೆಯದಕ್ಕೂ ಅದಕ್ಕೂ ಸಂಬಂಧವಿಲ್ಲ. ‘ಆ್ಯಸ್ ಸೂನ್ ಆ್ಯಸ್ ಹಿ ಕೇಮ್’, ಅವನು ಬಂದ ಕೂಡಲೇ. ‘ಆ್ಯಸ್ ಫಾರ್ ಆ್ಯಸ್ ಐ ನೋ’, ನನಗೆ ಗೊತ್ತಿರುವ ಮಟ್ಟಿಗೆ. ‘ಆ್ಯಸ್ ವೆಲ್ ಆ್ಯಸ್’ ಎರಡು ವೇಷ ಹಾಕುತ್ತದೆ: ಒಮ್ಮೆ ‘ಅಷ್ಟೇ ಚೆನ್ನಾಗಿ’, ಒಮ್ಮೆ ಬರಿಯ ‘ಜೊತೆಗೆ’. ‘ಜೊತೆಗೆ’ ಎಂಬ ಅರ್ಥದಲ್ಲಿ ಬಂದಾಗ ಕ್ರಿಯಾಪದ ಮೊದಲನೆಯ ಕರ್ತೃವನ್ನೇ ಅನುಸರಿಸುತ್ತದೆ: ‘ದ ಟೀಚರ್, ಆ್ಯಸ್ ವೆಲ್ ಆ್ಯಸ್ ದ ಸ್ಟೂಡೆಂಟ್ಸ್, ಈಸ್ ಹಿಯರ್’.

ಉಪಮೆಗಳನ್ನು ಬಾಯಿಪಾಠ ಮಾಡಬೇಕೇ?

ಹತ್ತು ಹನ್ನೆರಡು ಗೊತ್ತಿದ್ದರೆ ಸಾಕು. ‘ಆ್ಯಸ್ ಓಲ್ಡ್ ಆ್ಯಸ್ ದ ಹಿಲ್ಸ್’, ಬಹಳ ಹಳೆಯದು. ‘ಆ್ಯಸ್ ಕೂಲ್ ಆ್ಯಸ್ ಎ ಕ್ಯುಕಂಬರ್’, ಸೌತೆಕಾಯಿಯಷ್ಟು ತಣ್ಣಗೆ, ಅಂದರೆ ಗಡಿಬಿಡಿಯಲ್ಲೂ ಶಾಂತ. ‘ಆ್ಯಸ್ ವೈಟ್ ಆ್ಯಸ್ ಸ್ನೋ’ ಎಂಬುದು ಬಿಳುಪನ್ನು ಹೊಗಳಲು, ‘ಆ್ಯಸ್ ವೈಟ್ ಆ್ಯಸ್ ಎ ಶೀಟ್’ ಎಂಬುದು ಹೆದರಿ ಬಿಳಿಚಿದ ಮುಖಕ್ಕೆ. ಇವೆರಡನ್ನು ಅದಲುಬದಲು ಮಾಡಬೇಡಿ.

ಹಿಮ ನೋಡದ ನಮ್ಮ ಮಕ್ಕಳು ‘ಆ್ಯಸ್ ವೈಟ್ ಆ್ಯಸ್ ಜಾಸ್ಮಿನ್’ ಎಂದು ಬರೆದರೆ ನಾನು ಸಂತೋಷದಿಂದ ಸರಿ ಗುರುತು ಹಾಕುತ್ತೇನೆ. ವ್ಯಾಕರಣ ಇಂಗ್ಲಿಷಿನದ್ದು, ಹೂವು ನಮ್ಮದು. ಓದುವವರಿಗೆ ಅದು ಹೊಸದಾಗಿ ಕಾಣುತ್ತದೆ, ಅರ್ಥವೂ ಆಗುತ್ತದೆ.

‘ಆ್ಯಸ್’ ಎಂಬುದನ್ನು ಉಚ್ಚರಿಸುವುದು ಹೇಗೆ? ಈ ಪದ ಎಲ್ಲಿಂದ ಬಂತು?

ಕೊನೆಯ ದನಿ ‘ಸ್’ ಅಲ್ಲ, ‘ಜ಼್’. ಒಂಟಿಯಾಗಿ ಹೇಳಿದರೆ ‘ಆ್ಯಜ಼್’. ವಾಕ್ಯದೊಳಗೆ ಎರಡೂ ಸೊರಗಿ ಬರಿಯ ‘ಅಜ಼್’ ಆಗುತ್ತವೆ, ಒತ್ತು ಪೂರ್ತಿ ನಡುವಿನ ಗುಣವಾಚಕಕ್ಕೆ: ‘ಅಜ಼್ ಟಾಲ್ ಅಜ಼್’. ಬೇಗ ಮಾತಾಡುವವರ ಬಾಯಲ್ಲಿ ಮೊದಲನೆಯದು ಕೇಳಿಸುವುದೇ ಇಲ್ಲ. ನಮ್ಮ ಮಕ್ಕಳು ಬರೆಯುವಾಗ ಅದನ್ನು ಬಿಡುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ಎಣಿಕೆ.

ಹುಟ್ಟಿನ ಕತೆ ಸ್ವಾರಸ್ಯವಾಗಿದೆ. ಹಳೆಯ ಇಂಗ್ಲಿಷಿನಲ್ಲಿ ‘ಎಲ್ಲ’ ಮತ್ತು ‘ಹಾಗೆ’ ಎಂಬ ಎರಡು ಪದ ಸೇರಿ ‘ಪೂರ್ತಿ ಹಾಗೆಯೇ’ ಎಂಬರ್ಥದ ‘ಆ್ಯಲ್‌ಸ್ವಾ’ ಎಂಬ ಪದವಾಯಿತು. ಅದು ಸವೆದು ಸವೆದು ಎರಡು ಮಕ್ಕಳನ್ನು ಹಡೆಯಿತು. ಒಂದು ‘ಆಲ್ಸೋ’, ಇನ್ನೊಂದು ‘ಆ್ಯಸ್’. ಜರ್ಮನ್ ಭಾಷೆಯ ‘ಆಲ್ಸ್’, ‘ಆಲ್ಸೊ’ ಇವುಗಳ ದಾಯಾದಿಗಳು. ಹೀಗಾಗಿ ‘ಆ್ಯಸ್’ ಹುಟ್ಟಿನಿಂದಲೇ ನಮ್ಮ ‘ಹಾಗೆಯೇ’, ‘ಅಷ್ಟೇ’ಗಳ ಅರ್ಥದ್ದು.

ಮನೆಯಲ್ಲಿ ಮಗುವಿಗೆ ಹೇಗೆ ರೂಢಿ ಮಾಡಿಸಲಿ?

ಅಳೆಯುವ ಕೆಲಸ ಇರುವಲ್ಲಿ. ತರಗತಿಗೆ ಬರುತ್ತಿದ್ದ ತಾಯಿಯೊಬ್ಬರು ಇದನ್ನು ಅಡುಗೆಮನೆಯಲ್ಲೇ ಮಾಡಿದರು. ಅನ್ನಕ್ಕಿಡುವಾಗ ಮಗನ ಕೈಗೆ ಪಾವು ಕೊಟ್ಟು ‘ಒಂದು ಪಾವು ಅಕ್ಕಿಗೆ ಎಷ್ಟು ನೀರೋ?’ ಎಂದು ಕೇಳುವುದು. ‘ಎರಡು ಪಾವು, ಅಮ್ಮಾ.’ ‘ಇಂಗ್ಲಿಷಲ್ಲಿ ಹೇಳು.’ ಮೊದಲ ದಿನ ‘ಟೂ ಟೈಮ್ ವಾಟರ್ ಲೈಕ್ ರೈಸ್’ ಎಂದನಂತೆ. ಅವರು ತಿದ್ದಲಿಲ್ಲ. ಪಾವಿನಲ್ಲಿ ಅಕ್ಕಿ ಅಳೆದು ಪಾತ್ರೆಗೆ ಸುರಿದು ‘ಆ್ಯಸ್ ರೈಸ್’ ಎಂದರು. ಅದೇ ಪಾವಿನಲ್ಲಿ ನೀರು ಒಮ್ಮೆ ಸುರಿದು ‘ಆ್ಯಸ್ ಮಚ್ ವಾಟರ್’, ಇನ್ನೊಮ್ಮೆ ಸುರಿದು ‘ಟ್ವೈಸ್’ ಎಂದರು. ನಾಲ್ಕನೆಯ ದಿನ ಕುಕ್ಕರ್ ಮುಚ್ಚುವ ಹೊತ್ತಿಗೆ ಹುಡುಗ ತಾನಾಗಿ ‘ಟ್ವೈಸ್ ಆ್ಯಸ್ ಮಚ್ ವಾಟರ್ ಆ್ಯಸ್ ರೈಸ್’ ಎಂದ. ಮರುದಿನ ತರಗತಿಗೆ ಬಂದವರು ಕೂರುವ ಮೊದಲೇ ನನಗೆ ಹೇಳಿದ್ದು ಅದನ್ನೇ. ಈಗ ಅವನು ಹಿತ್ತಿಲಿನ ಬಾಗಿಲ ಚೌಕಟ್ಟಿನ ಮೇಲೆ ತನ್ನ ಎತ್ತರಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಅಕ್ಕನ ಗೆರೆಯನ್ನು ನೋಡಿ, ‘ನಾಟ್ ಆ್ಯಸ್ ಟಾಲ್ ಆ್ಯಸ್ ಅಕ್ಕ’ ಎಂದು ಪಕ್ಕದಲ್ಲೇ ಬರೆದಿದ್ದಾನಂತೆ.